ಉಳವಿ ರಸ್ತೆಯಲ್ಲಿ ಆರನೆಯ ನಿಯಮ

1958ರ ನವೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ, ಸೊರಬದಿಂದ ಉಳವಿಗೆ ಹೋಗುವ ರಸ್ತೆಯಲ್ಲಿ, ಸೈಕಲ್ ಮೇಲೆ ಹೊರಟಿದ್ದ ವೀಳ್ಯದೆಲೆ ವ್ಯಾಪಾರಿಯೊಬ್ಬರೂ ಸೌದೆ ಹೊರೆ ಹೊತ್ತು ಅದೇ ದಿಕ್ಕಿಗೆ ನಡೆಯುತ್ತಿದ್ದ ಹೆಂಗಸೊಬ್ಬರೂ ತಾಗಿಕೊಂಡು ಬಿದ್ದರು. ಹೆಂಗಸಿನ ಎಡ ಮಣಿಕಟ್ಟು ಮುರಿಯಿತು. ವ್ಯಾಪಾರಿಯ ಹಣೆಗೆ ಗಾಯವಾಯಿತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ವ್ಯಾಪಾರಿ ಹನ್ನೆರಡು ದಿನ ಮುಂಚೆಯಷ್ಟೇ ಸೊರಬದಲ್ಲಿ ಪಾದಚಾರಿ ಮತ್ತು ಸೈಕಲ್ ಸುರಕ್ಷತೆಯ ಶಿಬಿರ ಮುಗಿಸಿ, ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದಿದ್ದರು.

ನಾನು ಆಗ ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ವರದಿಗಾರ. ಈ ಸುದ್ದಿಯನ್ನು ಐದು ಸಾಲಿನಲ್ಲಿ ಬರೆದೆ. ಐದನೆಯ ಸಾಲು ಅಂಕದ ಬಗ್ಗೆ ಇತ್ತು.

ಆ ಸಾಲನ್ನು ಓದಬೇಕಾದವರು ಓದಿದರು. ಶಿಕಾರಿಪುರದಲ್ಲಿ ಒಂದು ವರ್ಷದಿಂದ, ಸೊರಬದಲ್ಲಿ ಆ ಮಳೆಗಾಲ ಮುಗಿದ ಮೇಲೆ, ಇಂಥ ಶಿಬಿರಗಳು ನಡೆಯುತ್ತಿದ್ದವು. ಅವುಗಳಿಂದ ಉಪಯೋಗವಾಗಿದೆಯೋ ಇಲ್ಲವೋ ನೋಡಿ ಹೇಳಲು ಇಲಾಖೆಗೆ ಸೇರದ ಒಬ್ಬರು ಬೇಕು ಎಂದು ಶಿಬಿರ ನಡೆಸುವ ಸಮಿತಿಯವರು ನಮ್ಮ ಸಂಪಾದಕರನ್ನು ಕೇಳಿದರು. ಸಂಪಾದಕರು ನನ್ನನ್ನು ಕರೆದು, "ನಿಂಗೆ ಎಣಿಸಕ್ಕೆ ಬರುತ್ತೆ, ಕೇಳಕ್ಕೆ ಬರುತ್ತೆ, ಅಭಿಪ್ರಾಯ ಬಿಟ್ಟು ಬರೆಯಕ್ಕೂ ಬರುತ್ತೆ. ಐದನೇ ಸಾಲು ಬರೆದೋನು ನೀನು. ಅದಕ್ಕೆ ಉತ್ತರಾನೂ ನೀನೇ ಹುಡುಕು" ಎಂದರು. ಡಿಸೆಂಬರ್ ಕೊನೆಯಲ್ಲಿ ನಾನು ಶಿಕಾರಿಪುರದ ಬಸ್ಸು ಹತ್ತಿದೆ.

ಬ್ಲಾಕ್ ಅಧಿಕಾರಿ ನನಗೊಂದು ಅಚ್ಚಾದ ನಮೂನೆ ಕೊಟ್ಟರು. ನಾಲ್ಕು ಪುಟದ ಆ ನಮೂನೆಯ ಕೊನೆಯಲ್ಲಿ 'ತೃಪ್ತಿಕರ', 'ಅತೃಪ್ತಿಕರ' ಎಂಬ ಎರಡು ಶಬ್ದಗಳಿದ್ದವು. ಬೇಡದ್ದನ್ನು ಹೊಡೆದುಹಾಕಬೇಕು. ಫೆಬ್ರವರಿ ಮುಗಿಯುವುದರೊಳಗೆ ವರದಿ ಕೊಡಬೇಕು. ಅದನ್ನು ನೋಡಿ, ಏಪ್ರಿಲ್‌ನಿಂದ ಎರಡೂ ತಾಲ್ಲೂಕಿನಲ್ಲಿ ಶಿಬಿರಗಳನ್ನು ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನವಾಗುತ್ತದೆ ಎಂದು ಅವರು ಹೇಳಿದರು.

ಶಿಬಿರಗಳನ್ನು ನಡೆಸುತ್ತಿದ್ದ ಸಂಘಟಕರು ಅದೇ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಮೊದಲು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಖಾಯಂ ಕೆಲಸ ಬಿಟ್ಟು ಈ ತಾತ್ಕಾಲಿಕ ಹುದ್ದೆಗೆ ಬಂದಿದ್ದರು. ಶಿಬಿರ ನಿಂತರೆ ಹುದ್ದೆಯೂ ಇಲ್ಲ, ಶಾಲೆಯ ಜಾಗಕ್ಕೆ ಬೇರೆಯವರು ಬಂದಾಗಿದೆ. ಯಾಕೆ ಬಿಟ್ಟಿರಿ ಎಂದು ಹೊರಗೆ ಬಂದ ಮೇಲೆ ಕೇಳಿದೆ. "ಶಾಲೇಲಿ ಕಲಿಸಿದ್ದು ಉಪಯೋಗಕ್ಕೆ ಬಂತೋ ಇಲ್ವೋ ಗೊತ್ತಾಗೋಕೆ ಇಪ್ಪತ್ತು ವರ್ಷ ಬೇಕು ರೀ. ಇದು ಮಾರನೇ ದಿನವೇ ಗೊತ್ತಾಗುತ್ತೆ ಅಂದುಕೊಂಡೆ" ಎಂದರು.

ಅವರು ಮೊದಲ ದಿನ ತೋರಿಸಿದ್ದು ಅಂಕದ ಪುಸ್ತಕ. ಶಿಬಿರ ಎರಡು ದಿನದ್ದು. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ರಸ್ತೆ ಮಾಡುತ್ತಿದ್ದರು. ಊರಿನ ಬಾಡಿಗೆ ಸೈಕಲ್ ಅಂಗಡಿಯವನು ತನ್ನ ಸೈಕಲ್‌ಗಳನ್ನು ತಂದು, ಬ್ರೇಕು, ದೀಪ, ಚೈನು ನೋಡುವುದನ್ನು ಕಲಿಸುತ್ತಿದ್ದ. ಹತ್ತು ನಿಯಮ, ಹತ್ತು ಪ್ರಶ್ನೆ. ನಡೆಯುವವರು ರಸ್ತೆಯ ಬಲ ಅಂಚಿನಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಬೇಕು ಎನ್ನುವುದು ಎರಡನೆಯದು. ಮುಂದೆ ನಡೆಯುವವರು ಕಂಡರೆ ಸವಾರನು ಹತ್ತಿರ ಬಂದು ಎರಡು ಸಲ ಗಂಟೆ ಬಾರಿಸಿ ನಂತರವೇ ದಾಟಬೇಕು ಎನ್ನುವುದು ಆರನೆಯದು. ಬಹುತೇಕ ಎಲ್ಲರೂ ಎಂಟಕ್ಕಿಂತ ಹೆಚ್ಚು ಅಂಕ ಪಡೆದಿದ್ದರು.

ಕಲಿತವರಲ್ಲಿ ಕೆಲವರನ್ನು ಹುಡುಕಿಕೊಂಡು ಹೋಗಿ ಮತ್ತೆ ಅದೇ ಪ್ರಶ್ನೆ ಕೇಳಿದೆ. ಮರೆತಿರಲಿಲ್ಲ. ಅಂಜನಾಪುರದಲ್ಲಿ ಒಂದು ಜಗಲಿಯ ಮೇಲೆ ಕೂತಿದ್ದ ಐವರು ರೈತರು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಸ್ವರದಲ್ಲಿ ಹತ್ತೂ ನಿಯಮ ಹೇಳಿದರು. ಹೇಳಿ ಮುಗಿಸಿ, ಎದ್ದು, ಜಗಲಿ ಇಳಿದು, ಐವರೂ ರಸ್ತೆಯ ನಟ್ಟನಡುವೆ ಸಾಲಾಗಿ ನಡೆದುಹೋದರು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬಾಯಲ್ಲಿರುವುದನ್ನು ಅಳೆದು ಪ್ರಯೋಜನವಿಲ್ಲ, ರಸ್ತೆಯಲ್ಲಿ ಕೂತು ಎಣಿಸಬೇಕು ಎಂದು ಅಲ್ಲಿಗೆ ತೀರ್ಮಾನವಾಯಿತು.

ಎಣಿಕೆ ಮೊದಲು ಕೆಟ್ಟಿದ್ದು ನನ್ನ ತಪ್ಪಿನಿಂದ. ಶಿಕಾರಿಪುರದಿಂದ ಅಂಜನಾಪುರದ ಕಡೆ ಹೋಗುವ ರಸ್ತೆಯ ಪಕ್ಕ, ಸಂತೆಯ ದಿನ, ಒಂದು ಮರದ ಕೆಳಗೆ ಮಡಿಸುವ ಕುರ್ಚಿ ಹಾಕಿಕೊಂಡು, ಪುಸ್ತಕ ತೆರೆದು ಕೂತೆ. ದೂರದಿಂದ ನನ್ನನ್ನು ನೋಡಿದ ಕೂಡಲೇ ಸವಾರರು ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಕೆಲವರು ಗದ್ದೆಯ ಬದುವಿಗೆ ಇಳಿದು ಸುತ್ತು ಹಾಕಿ ಹೋಗುತ್ತಿದ್ದರು. ನಡೆಯುವವರು ನನ್ನ ಮುಂದೆ ಬಂದಾಗ ಮಾತ್ರ ಬಲ ಅಂಚಿಗೆ ಸರಿದು, ದಾಟಿದ ಮೇಲೆ ನಡುವಿಗೆ ಹೋಗುತ್ತಿದ್ದರು. ಮೂರು ದಿನ ಹೀಗೆಯೇ ನಡೆಯಿತು. ಮೂರನೆಯ ದಿನ ಬಾಡಿಗೆ ಸೈಕಲ್ ಅಂಗಡಿಯವನು ನನ್ನನ್ನು ನೋಡಿ ಗಕ್ಕನೆ ನಿಂತ.

"ಏನ್ರೀ ಸ್ವಾಮಿ, ನೀವೇನಾ ಅವ್ರು? ಊರಾಗೆಲ್ಲ ಸೈಕಲ್ ಬಿಲ್ಲೆ ಚೆಕ್ ಮಾಡೋ ಸಾಹೇಬ್ರು ಕುಂತಾರೆ ಅಂತ ಗುಲ್ಲು ಎದ್ದೈತಿ. ನನ್ನ ಅಂಗಡಿ ಕಡೆ ಯಾರೂ ತಲಿ ಹಾಕವಲ್ರು."

ಸೈಕಲ್ಲಿಗೆ ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಒಂದು ತಗಡಿನ ಬಿಲ್ಲೆ ಇರಬೇಕಿತ್ತು. ಬಹಳ ಜನರ ಸೈಕಲ್ಲಿಗೆ ಇರಲಿಲ್ಲ. ಮೂರು ದಿನದ ಎಣಿಕೆಯ ಹಾಳೆಗಳ ಮೇಲೆ ಅಡ್ಡಗೆರೆ ಎಳೆದೆ.

"ಹಂಗಾದ್ರೆ ಎಲ್ಲಿ ಕೂರೋದು?" ಎಂದು ಕೇಳಿದೆ.

"ನನ್ನ ಅಂಗಡಿ ಮುಂದ ಕುಂದರ್‍ರಿ. ಕೈಯಾಗೆ ಒಂದು ಟ್ಯೂಬ್ ಹಿಡಕೊಳ್ರಿ. ಪಂಕ್ಚರ್ ಹಾಕೋನ್ನ ಯಾವನೂ ತಿರುಗಿ ನೋಡಂಗಿಲ್ಲ."

ಅವನು ಹೇಳಿದ್ದು ನಿಜವಾಯಿತು. ಮುಂದಿನ ಎರಡು ವಾರ ನಾನು ಒಂದು ತಗಡಿನ ಬೋಗುಣಿಯಲ್ಲಿ ನೀರಿಟ್ಟುಕೊಂಡು, ತೂತಿಲ್ಲದ ಟ್ಯೂಬಿನ ತೂತು ಹುಡುಕುತ್ತ, ಮೊಣಕಾಲಿನ ಕೆಳಗೆ ಚೀಟಿ ಇಟ್ಟುಕೊಂಡು ಗೀಟು ಹಾಕಿದೆ. ಯಾರು ಶಿಬಿರದಲ್ಲಿ ಕಲಿತವರು ಎಂಬುದನ್ನು ಅಂಗಡಿಯವನು ಗಂಟಲು ಕೆರೆದು ಸೂಚಿಸುತ್ತಿದ್ದ. ಒಂದು ಸಲ ಅವನಿಗೆ ನಿಜವಾಗಿ ಕೆಮ್ಮು ಬಂದು ನಾಲ್ಕು ಗೀಟು ತಪ್ಪಿದವು. ಅವನ್ನೂ ಹೊಡೆದುಹಾಕಿದೆ.

ಸೈಕಲ್ ಸವಾರರ ವಿಷಯದಲ್ಲಿ ಫಲ ಕಾಣುತ್ತಿತ್ತು. ಕಲಿತವರು ಎಡಕ್ಕೇ ಹೋಗುತ್ತಿದ್ದರು, ತಿರುಗುವಾಗ ಕೈ ತೋರಿಸುತ್ತಿದ್ದರು, ಬ್ರೇಕು ಇಲ್ಲದ ಸೈಕಲ್ ಹತ್ತುವವರು ಕಡಿಮೆಯಾಗಿದ್ದರು. ನಡೆಯುವವರಲ್ಲಿ ಏನೂ ಬದಲಾಗಿರಲಿಲ್ಲ. ಕಲಿತವರಾಗಲಿ ಕಲಿಯದವರಾಗಲಿ ಗಾಡಿಯ ಚಕ್ರದ ಜಾಡಿನಲ್ಲೇ ನಡೆಯುತ್ತಿದ್ದರು. ಇದರ ಕಾರಣವನ್ನು ಸಂತೆಗೆ ಬಂದ ಒಬ್ಬ ಮುದುಕಿ ಒಂದೇ ಮಾತಿನಲ್ಲಿ ಹೇಳಿದಳು. ಅಂಚಿನಲ್ಲಿ ಯಾಕೆ ನಡೆಯುವುದಿಲ್ಲ ಎಂದು ಕೇಳಿದ್ದಕ್ಕೆ ಅಂಗಾಲು ಎತ್ತಿ ತೋರಿಸಿ, "ನಿಮ್ಮ ಮೆಟ್ಟು ಕೊಡ್ರಿ, ನಡೀತೀನಿ" ಎಂದಳು. ರಸ್ತೆಯ ಎರಡೂ ಅಂಚಿನಲ್ಲಿ ಹೊಲದ ಬೇಲಿಯ ಜಾಲಿ ಮುಳ್ಳು ಉದುರಿ ಬಿದ್ದಿತ್ತು. ಚಕ್ರದ ಜಾಡಿನಲ್ಲಿ ನುಣುಪಾದ ಧೂಳು. ಬರಿಗಾಲಿನವರಿಗೆ ರಸ್ತೆ ಎಂದರೆ ಆ ಒಂದು ಗೇಣು ಅಗಲದ ಧೂಳೇ ಆಗಿತ್ತು.

ಸಂಘಟಕರಿಗೆ ಇದನ್ನು ಹೇಳಿದೆ. ಅವರು ತಮ್ಮ ಕಾಲಿನ ಚಪ್ಪಲಿಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. "ಬರೀರಿ" ಎಂದರು. "ಎರಡನೇ ನಿಯಮ ಹೋಯ್ತು. ಒಂಬತ್ತು ಉಳೀತು."

ಜನವರಿ ಕೊನೆಗೆ ಸೊರಬಕ್ಕೆ ಹೋದೆ. ಉಳವಿ ರಸ್ತೆಯಲ್ಲಿ, ಅಪಘಾತವಾದ ಜಾಗಕ್ಕೆ ಅರ್ಧ ಫರ್ಲಾಂಗು ದೂರದಲ್ಲಿ, ಒಬ್ಬ ಕಮ್ಮಾರನ ಕುಲುಮೆ ಇತ್ತು. ಗಾಡಿ ಚಕ್ರಕ್ಕೆ ಪಟ್ಟಿ ಹಾಕಿಸಲು ಬಂದವರು ಅಲ್ಲಿ ದಿನವಿಡೀ ಕೂತಿರುತ್ತಿದ್ದುದರಿಂದ ನಾನೂ ಕೂತರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಬೆಳಿಗ್ಗೆ ಸೊಪ್ಪು, ಸೌದೆ, ಹುಲ್ಲಿನ ಹೊರೆ ಹೊತ್ತ ಹೆಂಗಸರು ಗುಂಪಾಗಿಯೋ ಒಬ್ಬೊಬ್ಬರಾಗಿಯೋ ಅದೇ ದಾರಿಯಲ್ಲಿ ಬರುತ್ತಿದ್ದರು. ಸೌದೆಯ ಹೊರೆ ಒಂದಾಳುದ್ದ ಇರುತ್ತಿತ್ತು, ತಲೆಯ ಮೇಲೆ ಉದ್ದಕ್ಕೆ, ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡು.

ಮೊದಲನೆಯ ಬೆಳಿಗ್ಗೆಯೇ ಕಣ್ಣಿಗೆ ಬಿದ್ದದ್ದನ್ನು ನಾನು ನಂಬಲಿಲ್ಲ. ಎರಡನೆಯ ಬೆಳಿಗ್ಗೆ ಚೀಟಿಯಲ್ಲಿ ಒಂದು ಹೊಸ ಕಾಲಂ ಎಳೆದು, ತಲೆಬರಹದಲ್ಲಿ 'ತಿರುಗಿದರು' ಎಂದು ಬರೆದೆ. ಕಲಿಯದ ಸವಾರರ ಸೈಕಲ್ಲಿಗೆ ಸಾಮಾನ್ಯವಾಗಿ ಗಂಟೆಯೇ ಇರುತ್ತಿರಲಿಲ್ಲ. ಅವರು ಹೊರೆಯವರ ಹಿಂದೆ ಬಂದಾಗ ಏನೋ ಗುನುಗಿಕೊಂಡೋ, ಕೆಮ್ಮಿಯೋ, ಸದ್ದಿಲ್ಲದೆಯೋ ದೂರದಿಂದ ಬಳಸಿ ಹೋಗುತ್ತಿದ್ದರು. ಹೊರೆಯವರು ನೆಟ್ಟಗೆ ನಡೆಯುತ್ತಿದ್ದರು. ಕಲಿತ ಸವಾರರು ನಿಯಮದ ಪ್ರಕಾರ ಹತ್ತಿರ ಬಂದು ಎರಡು ಸಲ ಗಂಟೆ ಬಾರಿಸುತ್ತಿದ್ದರು. ಕೂಡಲೇ ಹೊರೆಯವರು ಗಿರಕ್ಕನೆ ತಿರುಗುತ್ತಿದ್ದರು. ಆಳು ತಿರುಗಿದರೆ ಹೊರೆಯೂ ತಿರುಗುತ್ತದೆ. ಒಂದಾಳುದ್ದದ ಸೌದೆ, ಹಿಂದಿನಿಂದ ಬರುವ ಸವಾರನ ಮುಖದ ಮುಂದೆ ರಸ್ತೆಗೆ ಅಡ್ಡವಾಗಿ ಬೀಸುತ್ತಿತ್ತು. ಒಂದು ಬೆಳಿಗ್ಗೆ ಹನ್ನೊಂದು ಸಲ ಗಂಟೆ ಬಾರಿಸಿದ್ದನ್ನು ಎಣಿಸಿದೆ. ಒಂಬತ್ತು ಸಲ ಹೊರೆ ತಿರುಗಿತು. ಒಬ್ಬ ಸವಾರ ತಲೆ ಬಗ್ಗಿಸಿ ಪಾರಾದ. ಇನ್ನೊಬ್ಬ ಸೀದಾ ಗದ್ದೆಗಿಳಿದ.

ಕಮ್ಮಾರ ಕೆಂಡದಿಂದ ಕಣ್ಣೆತ್ತದೆ, "ಶಿಬಿರ ಆದ್ಮೇಲೆ ಹಿಂಗೇ ಮಾರಾಯ್ರೆ. ಮೊದ್ಲು ಇಂಥ ಕುಣಿತ ಇರಲಿಲ್ಲ" ಎಂದ.

ಮಣಿಕಟ್ಟು ಮುರಿದುಕೊಂಡ ಹೆಂಗಸನ್ನು ನೋಡಲು ಹೋದೆ. ಸಂಘಟಕರೂ ಜೊತೆಗೆ ಬಂದರು. ಆಕೆಗೆ ಮೂವತ್ತೈದು ವರ್ಷವಿರಬಹುದು. ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದ ಗುರುತು ಇನ್ನೂ ಇತ್ತು. ಭತ್ತ ಕೇರುತ್ತ ಮಾತಾಡಿದಳು.

"ಗಂಟೆ ಕೇಳಿಸಿತಾ?" ಎಂದು ಕೇಳಿದೆ.

"ಕೇಳ್ದೆ ಇರಕ್ಕೆ ನಾನೇನು ಕಿವುಡಿಯಾ? ಕೇಳಿದ್ದಕ್ಕೇ ಅಲ್ವ ತಿರುಗಿದ್ದು."

"ತಿರುಗೋದು ಯಾಕೆ? ಸುಮ್ನೆ ಪಕ್ಕಕ್ಕೆ ಸರಿದರೆ ಆಗೋದಲ್ವಾ?" ಎಂದರು ಸಂಘಟಕರು.

ಆಕೆ ಮೊರ ಕೆಳಗಿಟ್ಟಳು. "ಯಾವ ಪಕ್ಕಕ್ಕೆ ಮೇಷ್ಟ್ರೆ? ಗಂಟೆ ಟ್ರಿಣ್ ಅನ್ನುತ್ತೆ, ಬಲಕ್ಕೆ ಬತ್ತೀನಿ ಎಡಕ್ಕೆ ಬತ್ತೀನಿ ಅನ್ನುತ್ತಾ? ತಲೆ ಮೇಲೆ ಹೊರೆ ಇದ್ರೆ ಕುತ್ತಿಗೆ ಹೊರಳಲ್ಲ. ನೋಡ್ಬೇಕು ಅಂದ್ರೆ ಆಳೇ ತಿರುಗ್ಬೇಕು." ತಗ್ಗಿದ ದನಿಯಲ್ಲಿ ಸೇರಿಸಿದಳು: "ಅಲ್ದೆ, ನಮ್ಮ ಕಡೆ ಗಂಟೆ ಇರೋ ಸೈಕಲ್ಲು ಅಂದ್ರೆ ಶಾನುಭೋಗ್ರದ್ದೋ, ಡಾಕ್ಟ್ರದ್ದೋ, ಸರ್ಕಾರದೋರದ್ದೋ. ಅಂಥೋರು ಹಿಂದೆ ಬಂದ್ರೆ ಬೆನ್ನು ಹಾಕ್ಕೊಂಡು ಹೋಗಾಕಾಗುತ್ತಾ? ತಿರುಗಿ ನಿಂತು ದಾರಿ ಬಿಡಾದು ಮರ್ಯಾದೆ. ತಿರುಗಿದೆ. ನೋಡಿದ್ರೆ ಎಲೆ ಮಾರೋ ಅಣ್ಣ!"

ಒಳಗಿನಿಂದ ಆಕೆಯ ಅತ್ತೆ, "ಮರ್ಯಾದೆ ಮಾಡಾಕೆ ಹೋಗಿ ಕೈ ಮುರ್ಕೊಂಡ್ಳು" ಎಂದು ನಕ್ಕಳು. ಆಕೆಯೂ ನಕ್ಕಳು. ಸಂಘಟಕರು ನಗಲಿಲ್ಲ.

ಹಿಂದಿರುಗುವಾಗ ಅವರು, "ಆರನೇ ನಿಯಮ ನಾನೇ ಬರೆದದ್ದು. ದೊಡ್ಡ ಊರಿನ ಪುಸ್ತಕ ನೋಡಿ ಬರೆದೆ. ಗಂಟೆ ಇಲ್ಲದ ಸೈಕಲ್ಲಿಗೆ ಗಂಟೆ ಹಾಕಿಸಿದೋನೂ ನಾನೇ. ಇದನ್ನ ಹೀಗೇ ಬರೆದರೆ ಶಿಬಿರ ನಿಂತುಹೋಗುತ್ತೆ ಅಲ್ವಾ?" ಎಂದು ಕೇಳಿದರು.

"ನಿಲ್ಲಬಹುದು" ಎಂದೆ.

"ಬ್ರೇಕು, ದೀಪ, ಕೈ ತೋರಿಸೋದು, ಅವೂ ನಿಲ್ಲುತ್ತವೆ."

"ನಮೂನೆಯಲ್ಲಿ ಎರಡೇ ಶಬ್ದ ಇದೆ."

ಬಾಡಿಗೆ ಸೈಕಲ್ ಅಂಗಡಿಯವನಿಗೆ ವಿಷಯ ತಿಳಿದಾಗ ಅವನು ಇನ್ನೂ ನೇರವಾಗಿ ಕೇಳಿದ. "ಒಂದು ಗೀಟು ತಾನೆ ಸ್ವಾಮಿ. ಯಾವುದರ ಮ್ಯಾಲೆ ಎಳೀತೀರೋ ನಿಮ್ಮ ಕೈಯಾಗೈತಿ. ಮೇಷ್ಟ್ರು ಒಳ್ಳೇರು. ಆ ಕಾಲಂ ಬರೀಲೇಬೇಕಾ?"

ಬರೆಯಲೇಬೇಕಿತ್ತು. ಆದರೆ ಕಾಲಂ ಮಾತ್ರ ಬರೆದರೆ ವರದಿ ಪೂರ್ತಿಯಾಗುವುದಿಲ್ಲ ಎಂದೂ ನನಗೆ ಅನಿಸತೊಡಗಿತ್ತು. ಒಂದು ಪಾಠ ತಪ್ಪಾಗಿದೆ ಎಂಬುದಕ್ಕೆ ನನ್ನ ಬಳಿ ಆಧಾರವಿತ್ತು. ಸರಿಯಾದ ಪಾಠ ಹೇಳಿಕೊಟ್ಟರೆ ಇದೇ ಜನ ಇದೇ ರಸ್ತೆಯಲ್ಲಿ ಅದನ್ನು ಪಾಲಿಸುತ್ತಾರೋ ಇಲ್ಲವೋ ಎಂಬುದಕ್ಕೆ ಆಧಾರವಿರಲಿಲ್ಲ. ಸಮಿತಿಯವರು ತೀರ್ಮಾನಿಸಬೇಕಾಗಿದ್ದುದು ಶಿಬಿರ ಇರಬೇಕೋ ಬೇಡವೋ ಎಂಬುದನ್ನು. ಅದಕ್ಕೆ ಎರಡೂ ಬೇಕಿತ್ತು. ಫೆಬ್ರವರಿ ಎರಡನೆಯ ವಾರ ಬ್ಲಾಕ್ ಅಧಿಕಾರಿಯ ಎದುರು ಕೂತು ಮಾರ್ಚ್ ಎರಡನೆಯ ವಾರದವರೆಗೆ ಸಮಯ ಕೇಳಿದೆ.

"ನಿಮ್ಮನ್ನ ಕರೆಸಿದ್ದು ಅಳೆಯೋಕೆ, ತಿದ್ದೋಕಲ್ಲ" ಎಂದರು ಅವರು.

"ತಿದ್ದೋರು ಸಂಘಟಕರು. ನಾನು ತಿದ್ದಿದ ಮೇಲೆ ಇನ್ನೊಂದು ಸಲ ಅಳೀತೀನಿ."

"ಆಗಲೂ ಸರಿಹೋಗಲಿಲ್ಲ ಅಂದ್ರೆ?"

"ಅದನ್ನೂ ಬರೀತೀನಿ."

ಅವರು ಕ್ಯಾಲೆಂಡರ್ ನೋಡಿ, ಒಂದು ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು. ಅದರಾಚೆಗೆ ಒಂದು ದಿನವೂ ಇಲ್ಲ ಎಂದರು. ಇದನ್ನು ನಾನು ಸಂಪಾದಕರಿಗೂ ಕಾಗದ ಬರೆದು ತಿಳಿಸಿದೆ. ಉತ್ತರದಲ್ಲಿ ಅವರು ಒಪ್ಪಿಗೆಯನ್ನೂ ಕೊಡಲಿಲ್ಲ, ಬೈಯಲೂ ಇಲ್ಲ. ಎರಡು ಎಣಿಕೆಯನ್ನು ಬೇರೆ ಬೇರೆ ಪುಸ್ತಕದಲ್ಲಿ ಇಡು ಎಂದಷ್ಟೇ ಬರೆದಿದ್ದರು.

ಆರನೆಯ ನಿಯಮವನ್ನು ಏನೆಂದು ಬದಲಿಸುವುದು ಎಂಬುದು ಸಂಘಟಕರಿಗೆ ತೋಚಲಿಲ್ಲ. ಕೊನೆಗೆ ಅವರು ಉಳವಿಯ ಶಾಲೆಯ ಬಯಲಿಗೆ ಹೊರೆ ಹೊರುವ ಹೆಂಗಸರನ್ನೇ ಕರೆದರು. ಎಂಟು ಹತ್ತು ಜನ ಬಂದರು. ಮಣಿಕಟ್ಟು ಮುರಿದವಳೂ ಬಂದಿದ್ದಳು. ಸಂಘಟಕರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, "ನನ್ನ ತಲೆ ಮೇಲೆ ಒಂದು ಹೊರೆ ಇಡ್ರಿ" ಎಂದರು.

"ಬ್ಯಾಡ ಮೇಷ್ಟ್ರೆ, ಕುತ್ತಿಗೆ ಉಳುಕುತ್ತೆ" ಎಂದಳು ಒಬ್ಬಳು.

"ಉಳುಕಲಿ."

ಬಟ್ಟೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಇಬ್ಬರು ಸೇರಿ ಸೌದೆ ಹೊರೆ ಎತ್ತಿಟ್ಟರು. ಅವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಪಾಠಕ್ಕೆಂದು ಶಿಕಾರಿಪುರದಿಂದ ಬಂದಿದ್ದ ಸೈಕಲ್ ಅಂಗಡಿಯವನು ಹಿಂದಿನಿಂದ ಬಂದು, ನಿಯಮದ ಪ್ರಕಾರ, ಎರಡು ಸಲ ಗಂಟೆ ಬಾರಿಸಿದ. ಸಂಘಟಕರು ತಿರುಗಬಾರದು ಎಂದು ಮೊದಲೇ ನಿರ್ಧರಿಸಿದ್ದರಂತೆ. ಆದರೂ ತಿರುಗಿದರು. ಸೌದೆಯ ತುದಿ ಅಂಗಡಿಯವನ ಟೋಪಿಯನ್ನು ಎತ್ತಿಕೊಂಡು ಹೋಗಿ ಸುಣ್ಣದ ಗೆರೆಯ ಆಚೆ ಹಾಕಿತು.

"ತಲಿ ಉಳೀತು, ಟೋಪಿ ಹೋತು" ಎಂದು ಅವನು ಸೈಕಲ್ಲಿನಿಂದ ಇಳಿದ.

ಹೊರೆ ಇಳಿಸಿದ ಮೇಲೆ ಸಂಘಟಕರು ನೆಲದ ಮೇಲೆ ಕೂತು ಉಸಿರು ಬಿಟ್ಟರು. "ಸರಿ. ಗಂಟೆ ಬೇಡ. ಹಾಗಾದ್ರೆ ನಿಮಗೆ ಏನು ಬೇಕು? ನೀವೇ ಹೇಳ್ರಿ."

ಮಣಿಕಟ್ಟು ಮುರಿದವಳು ಹೇಳಿದಳು: "ಗಾಡಿಯೋರು ಮಾಡ್ದಂಗೆ ಮಾಡಿ. ದೂರದಿಂದ್ಲೇ ಕೂಗಿ, ಯಾವ ಕಡೆಗೆ ಬತ್ತೀರಿ ಅಂತ ಹೇಳಿ. ನಾವು ಆ ಕಡೆ ಬಿಟ್ಟು ನೆಟ್ಟಗೆ ಹೋಗ್ತೀವಿ. ತಿರುಗೋ ಕೆಲಸವೇ ಇಲ್ಲ."

ಗಾಡಿ ಹೊಡೆಯುವವರು ಮುಂದಿನವರನ್ನು ದಾಟುವಾಗ 'ಬಲಕ್ಕೆ ಬಂತೋ' ಎಂದು ಕೂಗುವುದನ್ನು ನಾನು ಕುಲುಮೆಯಲ್ಲಿ ಕೂತು ದಿನವೂ ಕೇಳಿದ್ದೆ. ಅದಕ್ಕೆ ನನ್ನ ಚೀಟಿಯಲ್ಲಿ ಕಾಲಂ ಇರಲಿಲ್ಲ.

ಹೊಸ ಆರನೆಯ ನಿಯಮ ಅಲ್ಲಿಯೇ ತಯಾರಾಯಿತು. ಹೊರೆ ಹೊತ್ತವರು ಕಂಡರೆ ಇಪ್ಪತ್ತು ಹೆಜ್ಜೆ ದೂರದಿಂದ ಕೂಗಿ, ದಾಟುವ ಪಕ್ಕ ಹೇಳಿ, ಗಂಟೆ ಮುಟ್ಟದೆ ಬಲಕ್ಕೆ ದಾಟಬೇಕು. ಎರಡನೆಯ ನಿಯಮಕ್ಕೂ ತಿದ್ದುಪಡಿಯಾಯಿತು: ಬರಿಗಾಲಿನವರು ಚಕ್ರದ ಎಡ ಜಾಡಿನಲ್ಲಿ ನಡೆಯಬಹುದು, ಒಬ್ಬರ ಹಿಂದೊಬ್ಬರು. ಆ ದಾರಿಯಲ್ಲಿ ದಿನವೂ ಸೈಕಲ್ ಹೊಡೆಯುವ ಇಪ್ಪತ್ತೆರಡು ಜನರನ್ನು ಒಟ್ಟು ಹಾಕಿ ಎರಡು ಬೆಳಿಗ್ಗೆ ಮತ್ತೆ ಕಲಿಸಲಾಯಿತು. ಎಲೆ ವ್ಯಾಪಾರಿಯೂ ಅವರಲ್ಲಿದ್ದರು. ಹೊರೆ ಹೊತ್ತು ನಡೆದು ತೋರಿಸಿದವರು ಆ ಹೆಂಗಸರೇ.

ನಾನು ಕುಲುಮೆಗೆ ಹಿಂದಿರುಗಿ ಹೊಸ ಪುಸ್ತಕ ತೆರೆದೆ. ಮೊದಲ ವಾರದ ಎಣಿಕೆ ಆಶಾದಾಯಕವಾಗಿರಲಿಲ್ಲ. ಗಂಟೆ ನಿಂತಿತ್ತು. ಕೂಗು ಶುರುವಾಗಿರಲಿಲ್ಲ. ಸವಾರರು ಹೊರೆಯವರ ಹಿಂದೆ ಬಂದು, ಬಾಯಿ ತೆರೆದು, ಮುಚ್ಚಿ, ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಪೆನ್ಸಿಲ್ ಸುತ್ತು ಹಾಕಿದ ದಿನಕ್ಕೆ ಹದಿನೈದು ದಿನ ಉಳಿದಿತ್ತು. ಎಲೆ ವ್ಯಾಪಾರಿಯನ್ನು ಕುಲುಮೆಯ ಮುಂದೆ ನಿಲ್ಲಿಸಿ ಕೇಳಿದೆ.

ಅವರು ಹಣೆಯ ಗಾಯದ ಕಲೆ ಉಜ್ಜಿಕೊಂಡರು. "ನೀವೇ ಹೇಳಿ ಸ್ವಾಮಿ, ಮೀಸೆ ಹೊತ್ತ ಗಂಡಸು, ಹಾದಿ ಮೇಲೆ ಹೋಗೋ ಹೆಂಗಸ್ರ ಹಿಂದೆ ಹೋಗಿ 'ಬಲಕ್ಕೆ ಬತ್ತೀನಿ' ಅಂತ ಕೂಗೋದು ಚೆಂದನಾ? ಆಕೆ ಗಂಡ ಕೇಳಿದ್ರೆ ಏನ್ ತಿಳ್ಕೊಂಡಾನು? ನಾನು ಹತ್ತೂರಲ್ಲಿ ಎಲೆ ಮಾರೋನು."

"ಗಾಡಿಯೋರು ಕೂಗ್ತಾರಲ್ಲ?"

"ಅವ್ರು ಎತ್ತಿಗೆ ಹೇಳ್ದಂಗೆ ಹೇಳ್ತಾರೆ. ನನ್ನ ಮುಂದೆ ಎತ್ತಿಲ್ಲ."

ಈ ಮಾತನ್ನು ಸಂಘಟಕರು ಉಳವಿಗೆ ಒಯ್ದರು. ನಾನು ಜೊತೆಗೆ ಹೋಗಿ ಮೂಲೆಯಲ್ಲಿ ನಿಂತೆ. ಹೆಂಗಸರು ಮೊದಲು ಹೊಟ್ಟೆ ತುಂಬ ನಕ್ಕರು. ಕೈ ಮುರಿದವಳ ಅತ್ತೆ ಮಾತ್ರ ನಗದೆ ಕೂತಿದ್ದಳು.

"ಅವ್ರು ಹೇಳಾದ್ರಲ್ಲೂ ನ್ಯಾಯ ಐತೆ" ಎಂದಳು ಮುದುಕಿ. "ನಮ್ಮನ್ನ ಯಾಕೆ ಕರೀಬೇಕು? ಹೊರೇನ ಕರೀಲಿ. 'ಹೊರೆ, ಬಲಕ್ಕೆ' ಅನ್ಲಿ. ಹೊರೆಗೆ ಗಂಡ ಇಲ್ಲ, ಅತ್ತೆ ಇಲ್ಲ."

ಮಾರನೆಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ, ಕುಲುಮೆಗೆ ಕೂಗಳತೆಯಲ್ಲಿ, ಎಲೆ ವ್ಯಾಪಾರಿ ಇಬ್ಬರು ಹೊರೆಯವರ ಹಿಂದೆ ಬರುವುದು ಕಾಣಿಸಿತು. ಇಪ್ಪತ್ತು ಹೆಜ್ಜೆ ಇರುವಾಗ ಒಮ್ಮೆ ಹಿಂದೆ ಮುಂದೆ ನೋಡಿದರು. "ಹೊರೆ! ಬಲಕ್ಕೆ!" ಎಂದು ಕೂಗಿದರು. ದನಿ ಅರ್ಧಕ್ಕೆ ಒಡೆಯಿತು. ಎರಡು ಹೊರೆಗಳೂ ಸ್ವಲ್ಪ ಎಡಕ್ಕೆ ವಾಲಿ, ನೆಟ್ಟಗೆ ಮುಂದೆ ಹೋದವು. ವ್ಯಾಪಾರಿ ದಾಟಿದರು. ಹಿಂದಿನ ಹೊರೆಯ ಕೆಳಗಿನಿಂದ, "ಎಲೆ ಹೆಂಗಣ್ಣಾ ಇವತ್ತು?" ಎಂಬ ಮಾತು ಕೇಳಿಸಿತು. ಅವರು ಜೋರಾಗಿ ಪೆಡಲು ತುಳಿದರು. ಕಮ್ಮಾರ ಸುತ್ತಿಗೆ ಕೆಳಗಿಟ್ಟು ನೋಡುತ್ತಿದ್ದ.

ಆ ವಾರ ಕೂಗುವವರು ಹೆಚ್ಚಿದರು. ಅದರ ಮುಂದಿನ ವಾರ ಹೊಸ ಪಾಠ ಕಲಿಯದ ಕೆಲವರೂ ಕೇಳಿ ಕಲಿತು ಕೂಗತೊಡಗಿದರು. ಪೆನ್ಸಿಲ್ ಸುತ್ತಿನ ದಿನಕ್ಕೆ ಮೂರು ದಿನ ಮುಂಚೆ, ಎಣಿಕೆಯ ಕೊನೆಯ ಬೆಳಿಗ್ಗೆ, ಹದಿನಾಲ್ಕು ಸಲ ಕೂಗಿದ್ದನ್ನು ಎಣಿಸಿದೆ. ಒಂದು ಹೊರೆ ತಿರುಗಿತು. ಆಕೆ ಬೇರೆ ಊರಿನಿಂದ ತವರಿಗೆ ಬಂದವಳು ಎಂದು ಕಮ್ಮಾರ ಹೇಳಿದ. ನಾನು ಅದನ್ನು ಕಾರಣವೆಂದು ಬರೆಯದೆ, ಕಮ್ಮಾರನ ಹೇಳಿಕೆ ಎಂದು ಬರೆದೆ.

ವರದಿಯನ್ನು ಶಿಕಾರಿಪುರದ ಪ್ರವಾಸಿ ಮಂದಿರದ ಜಗಲಿಯಲ್ಲಿ ಎರಡು ದಿನ ಕೂತು ಬರೆದೆ. ಎರಡು ಎಣಿಕೆಗಳನ್ನು ಬೇರೆ ಬೇರೆಯಾಗಿ ಕೊಟ್ಟೆ. ಮೊದಲನೆಯ ಮೂರು ದಿನದ ಕೆಟ್ಟ ಎಣಿಕೆ, ಅಂಗಡಿಯವನ ಕೆಮ್ಮು, ಮೂರು ವಾರದ ಪ್ರಯೋಗ ಸಾಲದು ಎಂಬುದು, ಹೊಸ ನಿಯಮ ಶಿಕಾರಿಪುರದ ಕಡೆ ಪರೀಕ್ಷೆಯಾಗಿಲ್ಲ ಎಂಬುದು, ಎಲ್ಲವನ್ನೂ ಬರೆದೆ. ಕೊನೆಯ ಪುಟದ ಎರಡು ಶಬ್ದಗಳಲ್ಲಿ ಯಾವುದನ್ನೂ ಹೊಡೆದುಹಾಕಲಿಲ್ಲ. 'ಅತೃಪ್ತಿಕರ' ಎಂಬುದರ ಎದುರು 'ಹಳೆಯ ಎರಡನೆಯ ಮತ್ತು ಆರನೆಯ ನಿಯಮ' ಎಂದೂ, 'ತೃಪ್ತಿಕರ' ಎಂಬುದರ ಎದುರು 'ಉಳಿದ ಎಂಟು ನಿಯಮ. ಉಳವಿ ರಸ್ತೆಯ ಮಟ್ಟಿಗೆ ಹೊಸ ಆರನೆಯ ನಿಯಮ' ಎಂದೂ ಬರೆದೆ.

ಬ್ಲಾಕ್ ಅಧಿಕಾರಿ ಕೊನೆಯ ಪುಟ ಮೊದಲು ತೆರೆದರು. "ಇದು ಪಾಸಾ, ಫೇಲಾ?"

"ಬರೆದಿದ್ದೀನಲ್ಲ ಸರ್."

"ನಮೂನೆ ಹೀಗೆ ತುಂಬಿದೋರನ್ನ ನಾನು ನೋಡಿಲ್ಲ" ಎಂದರು. ಆದರೆ ಹಿಂದಿರುಗಿಸಲಿಲ್ಲ. ಮೊದಲ ಪುಟಕ್ಕೆ ಹೋಗಿ ಓದತೊಡಗಿದರು. ಸಂಘಟಕರು ಆ ಹೊತ್ತು ಹೊರಗೆ ಕಟ್ಟೆಯ ಮೇಲೆ ಕೂತು, ಹೊಸ ನಿಯಮಗಳ ಪ್ರತಿಯನ್ನು ಕೈಬರಹದಲ್ಲಿ ಬರೆಯುತ್ತಿದ್ದರು. ನಾನು ಹೊರಗೆ ಬಂದು, ಆದೇಶ ಏನು ಬರುತ್ತದೋ ನೋಡಿ ಬರೆಯಬಹುದಲ್ಲ ಎಂದೆ. "ಬರದಿದ್ರೂ ಒಂದು ಪ್ರತಿ ಕಮ್ಮಾರನ ಹತ್ರ ಇರ್‍ಲಿ ರೀ" ಎಂದು ಅವರು ತಲೆಯೆತ್ತದೆ ಹೇಳಿದರು.

ಮಾರ್ಚ್ ಕೊನೆಯ ವಾರ ಸಮಿತಿ ಸೇರಿತು. ನನ್ನನ್ನು ಒಳಗೆ ಕರೆದು ಎರಡು ಪ್ರಶ್ನೆ ಕೇಳಿದರು. ಸೊರಬದಲ್ಲಿ ಬಿದ್ದವರ ಸಂಖ್ಯೆ ಕಡಿಮೆಯಾಗಿದೆಯೇ ಎಂಬುದು ಮೊದಲನೆಯದು. ಮೂರು ವಾರದಿಂದ ಅದನ್ನು ಹೇಳಲಾಗದು ಎಂದೆ. ಹೊರೆಯವರು ಇಲ್ಲದ ಕಡೆ ಕೂಗುವುದು ಬೇಕೇ ಎಂಬುದು ಎರಡನೆಯದು. ಅದನ್ನು ನಾನು ಅಳೆದಿಲ್ಲ ಎಂದೆ. ಹೊರಗೆ ಕಳುಹಿಸಿದರು. ನಾನು ಅದೇ ಸಂಜೆ ಶಿವಮೊಗ್ಗಕ್ಕೆ ಬಂದು ಪತ್ರಿಕೆಯ ಕೆಲಸಕ್ಕೆ ಹಾಜರಾದೆ.

ಏಪ್ರಿಲ್ ಮೊದಲ ವಾರ ಆದೇಶ ಬಂತು. ಎರಡೂ ತಾಲ್ಲೂಕಿನಲ್ಲಿ ಶಿಬಿರಗಳನ್ನು ಒಂದು ವರ್ಷ ಮುಂದುವರಿಸಬೇಕು, ಸಂಘಟಕರನ್ನು ಅದೇ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು, ಹೊಸ ನಿಯಮವನ್ನು ಶಿಕಾರಿಪುರದ ರಸ್ತೆಗಳಲ್ಲಿಯೂ ಎಣಿಸಿ ನೋಡಬೇಕು ಎಂದು ಅದರಲ್ಲಿತ್ತು. ಎಣಿಸುವ ಕೆಲಸಕ್ಕೆ ಬಾಡಿಗೆ ಸೈಕಲ್ ಅಂಗಡಿಯವನ ಹೆಸರನ್ನು ಸಂಘಟಕರು ಸೂಚಿಸಿದರು.

1959ರ ಜೂನ್ ಮೊದಲ ವಾರ ಉಳವಿಯಲ್ಲಿ ಶಿಬಿರ ನಡೆಯಿತು. ಅದರ ಹಾಜರಿ ಪುಸ್ತಕದಲ್ಲಿ 'ಕಲಿಸಿದವರು' ಎಂಬ ಕಾಲಮಿನ ಕೆಳಗೆ, ಸಂಘಟಕರ ರುಜುವಿನ ಪಕ್ಕದಲ್ಲಿ, ಹೊರೆ ಹೊರುವ ಹೆಂಗಸರ ಮೂರು ಹೆಬ್ಬೆಟ್ಟಿನ ಗುರುತುಗಳಿವೆ.